ಒಂದು ರಬ್ಬರ್ ತುಂಡಿಗಾಗಿ ಇಷ್ಟೊಂದು ಪರದಾಟವೇ?

ನನ್ನ ಹಳೇ ಬೋಟಿನ ಇಂಪೆಲ್ಲರ್ ಮತ್ತೆ ಹರಿದುಹೋಯ್ತು! ಅಂಗೈಯಲ್ಲಿ ಹಿಡಿಸುವ ರಬ್ಬರ್ ಚಕ್ರ. ಅದು ತಂಪು ಮಾಡೋ ನೀರು ಎಳೆಯದಿದ್ದರೆ ಡೀಸೆಲ್ ಎಂಜಿನ್ ಕಾದು ಕೆಂಡವಾಗುತ್ತದೆ. ಶರಾವತಿ ಹಿನ್ನೀರಿನ ನಟ್ಟನಡುವೆ ಬೋಟು ನಿಂತರೆ ಯಾರನ್ನು ಕೂಗೋದು? ಅಂಗಡಿಯಲ್ಲಿ ಕೇಳಿದರೆ ಪಂಪ್‌ಸೆಟ್ಟಿನ ವಾಷರ್ ತೋರಿಸುತ್ತಾರೆ. ಇನ್ನೊಂದು ಕಡೆ, ‘ಆ ಮಾಡೆಲ್ ಈಗಿಲ್ಲ, ಹೊಸ ಎಂಜಿನ್ ಹಾಕ್ಸಿ’ ಅಂತಾರೆ. ಸುಮ್ನೆ ಹೇಳಿಬಿಟ್ಟರೆ ಆಯ್ತಾ? ದುಡ್ಡು ಯಾರು ಕೊಡ್ತಾರೆ?

ಮಳೆಗಾಲದಲ್ಲಿ ಕ್ಯಾಬಿನ್ ತುಂಬ ಬೂಷ್ಟು, ವೈರಿಗೆಲ್ಲ ಕಿಲುಬು. ಬೇಸಿಗೆಯಲ್ಲಿ ನೀರಿಳಿದರೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಪ್ರೊಪೆಲ್ಲರ್‌ಗೆ ಬಡಿಯುತ್ತವೆ. ಅದನ್ನಾದರೂ ಸಹಿಸಬಹುದು.

ಹಳೇ ಬೋಟು ಇಟ್ಟುಕೊಂಡ ಗೆಳೆಯರು ದೇವರಂಥವರು. ಈ ಸಲವೂ ಒಬ್ಬರು ತಮ್ಮ ಸ್ಪೇರ್ ಇಂಪೆಲ್ಲರನ್ನೇ ಕೊಟ್ಟರು. ಆದರೆ ಎಷ್ಟು ದಿನ ಅವರ ಕೈ ಕಾಯೋದು? ಲಕ್ಷಗಟ್ಟಲೆ ಎಣಿಸಿಕೊಂಡು ಎಂಜಿನ್ ಮಾರಿದವರಿಗೆ ಒಂದು ರಬ್ಬರ್ ತುಂಡು ಒದಗಿಸೋಕೆ ಏನು ರೋಗ?