ತಪ್ಪು ಹೆಸರು ಹೇಳೋ ಕಾಮೆಂಟೇಟರ್ ಮೇಲೆ ಇಷ್ಟೊಂದು ಪ್ರೀತಿ ಬೇಕಾ? ಪರ – ವಿರೋಧ

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತಿ ಇಳಿದು ಬಂದು ಇಡ್ಲಿ ತಿನ್ನೋವಾಗ ಶುರುವಾದ ಜಗಳ ಇದು. ಸೈಕಲ್ ರೇಸ್ ಟಿವಿಲಿ ನೋಡೋರಿಗೆ ಫಿಲ್ ಲಿಗೆಟ್, ಪಾಲ್ ಶೆರ್ವೆನ್, ಕಾರ್ಲ್ಟನ್ ಕರ್ಬಿ ಅನ್ನೋ ಇಂಗ್ಲಿಷ್ ಕಾಮೆಂಟೇಟರ್ಸ್ ಎಲ್ಲ ಮನೆ ಮಂದಿ ಇದ್ದಂಗೆ. ಇವರ ವಿಚಿತ್ರ ಮಾತು, ಎಲ್ಲೆಲ್ಲಿಗೋ ಹೋಗೋ ಕಥೆ, ರೈಡರ್ ಹೆಸರು ಅದಲು ಬದಲು ಮಾಡೋದು ಎಲ್ಲವನ್ನೂ ಫ್ಯಾನ್ಸ್ ಮುದ್ದು ಮಾಡ್ತಾರೆ. ಈ ಮುದ್ದು ಸರಿನಾ? ಗುಂಪಲ್ಲಿ ಇಬ್ಬರು ಒಪ್ಪಲೇ ಇಲ್ಲ, ಹಂಗಾಗಿ ಇಬ್ಬರೂ ಬರೆದಿದೀವಿ.

ಪರ

ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಮೊದಲ ಸಲ ನೋಡಿದಾಗ ನನಗೆ ಏನೂ ಅರ್ಥ ಆಗ್ಲಿಲ್ಲ. ನೂರೈವತ್ತಕ್ಕೂ ಹೆಚ್ಚು ಜನ ಬಣ್ಣ ಬಣ್ಣದ ಬನಿಯನ್ ಹಾಕ್ಕೊಂಡು ಒಟ್ಟಿಗೆ ಹೋಗ್ತಿದಾರೆ, ಯಾರು ಗೆಲ್ತಿದಾರೆ, ಯಾರು ಸೋಲ್ತಿದಾರೆ ಒಂದೂ ಗೊತ್ತಾಗಲ್ಲ, ಮುಂದೆ ಇರೋನು ಫಸ್ಟ್ ಅಲ್ವಂತೆ, ಹಿಂದೆ ಹಳದಿ ಜೆರ್ಸಿ ಹಾಕ್ಕೊಂಡು ಆರಾಮಾಗಿ ಬರ್ತಿರೋನು ಫಸ್ಟಂತೆ, ಯಾಕಂದ್ರೆ ಎಲ್ಲಾ ದಿನದ ಒಟ್ಟು ಟೈಮ್ ಅವನದೇ ಕಮ್ಮಿಯಂತೆ. ಚಾನಲ್ ಬದಲಾಯಿಸೋಕೆ ಕೈ ರಿಮೋಟ್ ಮೇಲಿತ್ತು. ಆಗ ಕಾಮೆಂಟರಿಯ ಆ ದನಿ ಹೇಳ್ತು, ಈ ಹುಡುಗ ಈಗ ತನ್ನ ಧೈರ್ಯದ ಸೂಟ್‌ಕೇಸ್ ತೆಗೆದು ಅದರ ತಳದವರೆಗೂ ಕೈ ಹಾಕ್ತಿದಾನೆ ಅಂತ. ಧೈರ್ಯಕ್ಕೂ ಒಂದು ಸೂಟ್‌ಕೇಸ್ ಇರುತ್ತಾ! ನಾನು ರಿಮೋಟ್ ಕೆಳಗಿಟ್ಟೆ. ಇವತ್ತಿನವರೆಗೂ ಎತ್ತಿಲ್ಲ.

ಫಿಲ್ ಲಿಗೆಟ್ 1943ರಲ್ಲಿ ಹುಟ್ಟಿದೋರು, 1973ರಿಂದ ಟೂರ್ ಜೊತೆಗಿದಾರೆ. ಪಕ್ಕದಲ್ಲಿ ಸುಮಾರು ಮೂವತ್ತು ವರ್ಷ ಕೂತಿದ್ದೋರು ಪಾಲ್ ಶೆರ್ವೆನ್. ಈ ಜೋಡಿಯ ಮಾತುಗಳು ಒಂದು ಭಾಷೆನೇ ಆಗಿಬಿಟ್ವು. ಬೆಟ್ಟ ಹತ್ತೋನು ಪೆಡಲ್ ಮೇಲೆ ಕುಣೀತಾನೆ, ಸುಸ್ತಾದೋನ ಮುಖಕ್ಕೆ ನೋವಿನ ಮುಖವಾಡ ಬರುತ್ತೆ, ಗುಂಪಿಂದ ಹಿಂದೆ ಬಿದ್ದೋನ ಎಲಾಸ್ಟಿಕ್ ಕಿತ್ತೋಗುತ್ತೆ. ನಂದಿಯ ಕೊನೇ ತಿರುವುಗಳಲ್ಲಿ ಮುಂದಿನವನ ಗಾಲಿ ಮೂರಡಿ ದೂರ ಆಗಿ ಆಮೇಲೆ ಮೂವತ್ತಡಿ ಆಗುತ್ತಲ್ಲ, ಅದಕ್ಕೆ ಎಲಾಸ್ಟಿಕ್ ಕಿತ್ತೋಯ್ತು ಅನ್ನೋದಕ್ಕಿಂತ ಸರಿಯಾದ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಇದು ಬರೀ ಬಣ್ಣದ ಮಾತು ಅಂತ ಯಾರಾದ್ರೂ ಅಂದ್ರೆ ಅವರಿಗೆ ಶೆರ್ವೆನ್ ಕಥೆ ಗೊತ್ತಿಲ್ಲ ಅಂತ ಅರ್ಥ. ಆತ ಏಳು ಸಲ ಟೂರ್ ಓಡಿಸಿ ಐದು ಸಲ ಮುಗಿಸಿದ ಮನುಷ್ಯ. 1985ರಲ್ಲಿ ಒಂದು ದಿನದ ಓಟದ, ಅಂದ್ರೆ ಒಂದು ಸ್ಟೇಜ್‌ನ ಶುರುವಲ್ಲೇ ಬಿದ್ದ, ಗುಂಪು ಹೋಗೇಬಿಡ್ತು, ದಿನದ ಬಹುಪಾಲು ಒಬ್ಬನೇ ಓಡಿಸ್ಕೊಂಡು ಗೆದ್ದೋನಿಗಿಂತ ಒಂದು ಗಂಟೆಗೂ ಜಾಸ್ತಿ ಲೇಟಾಗಿ ಬಂದ. ಟೈಮ್ ಲಿಮಿಟ್ ಮೀರಿತ್ತು, ರೂಲ್ಸ್ ಪ್ರಕಾರ ಮನೆಗೆ ಹೋಗಬೇಕಿತ್ತು. ಆ ಧೈರ್ಯ ನೋಡಿ ಆಯೋಜಕರು ಅವನನ್ನ ರೇಸ್‌ನಲ್ಲೇ ಉಳಿಸ್ಕೊಂಡ್ರು. ಸೂಟ್‌ಕೇಸ್ ಬಗ್ಗೆ ಮಾತಾಡ್ತಿದ್ದೋನು ತಾನೇ ಅದರ ತಳ ಮುಟ್ಟಿ ಬಂದಿದ್ದ.

ಈಗ ಲಾ ಪ್ಲಾನ್ ಬೆಟ್ಟದ ಕಥೆ. 1987ರ ಜುಲೈ. ಪೆಡ್ರೊ ಡೆಲ್ಗಾಡೊ ಹಳದಿ ಜೆರ್ಸಿಲಿ ಮುಂದೆ ಹೋಗಿಬಿಟ್ಟಿದಾನೆ, ಐರ್ಲೆಂಡಿನ ಸ್ಟೀಫನ್ ರೋಶ್ ಹಿಂದೆ ಉಳಿದಿದಾನೆ, ಒಂದು ಹಂತದಲ್ಲಿ ನಡುವಿನ ಅಂತರ ಸುಮಾರು ಒಂದೂವರೆ ನಿಮಿಷ. ಮೇಲೆ ಮಂಜು, ಕ್ಯಾಮೆರಾ ರೋಶ್‌ನ ತೋರಿಸ್ತಾ ಇಲ್ಲ, ಕಾಮೆಂಟರಿ ಬಾಕ್ಸಲ್ಲಿ ಇರೋರಿಗೂ ಕಾಣ್ತಿರೋದು ನಮಗೆ ಕಾಣೋ ಅದೇ ಸ್ಕ್ರೀನು. ಡೆಲ್ಗಾಡೊ ಫಿನಿಶ್‌ಗೆ ಬಂದ. ಅವನ ಹಿಂದೆ ಮಸುಕಲ್ಲಿ ಒಂದು ಆಕಾರ. ಯಾರದು ಹಿಂದೆ ಬರ್ತಿರೋದು, ರೋಶ್ ಥರ ಕಾಣ್ತಿದೆ, ಸ್ಟೀಫನ್ ರೋಶ್ ಥರ ಕಾಣ್ತಿದೆ ಅಂತ ಲಿಗೆಟ್ ಕೂಗ್ತಾರೆ, ದನಿ ಒಡೆದೋಗುತ್ತೆ. ಬರೀ ನಾಲ್ಕು ಸೆಕೆಂಡ್ ಅಂತರ! ರೋಶ್ ಲೈನ್ ದಾಟಿ ಕುಸಿದು ಬಿದ್ದ, ಆಕ್ಸಿಜನ್ ಕೊಡಬೇಕಾಯ್ತು. ಕೊನೆಗೆ ಪ್ಯಾರಿಸ್‌ನಲ್ಲಿ 40 ಸೆಕೆಂಡ್ ಅಂತರದಲ್ಲಿ ಟೂರ್ ಗೆದ್ದ. ಈ ಕ್ಲಿಪ್ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಪ್ರತಿ ಸಲ ಮೈ ಜುಂ ಅನ್ನುತ್ತೆ. ಲಿಗೆಟ್ ಅಲ್ಲಿ ರೇಸ್ ವಿವರಿಸ್ತಾ ಇರ್ಲಿಲ್ಲ, ನಮ್ಮ ಥರನೇ ಕಣ್ಣು ಕಿರಿದು ಮಾಡ್ಕೊಂಡು ಮಂಜಲ್ಲಿ ಹುಡುಕ್ತಾ ಇದ್ರು.

ಹೆಸರು ತಪ್ಪು ಹೇಳ್ತಾರೆ, ನಿಜ. ಆದ್ರೆ ಆ ಕೆಲಸ ಏನು ಅಂತ ನೋಡಿ. ಎಂಟೆಂಟು ಜನರ 20ಕ್ಕೂ ಹೆಚ್ಚು ಟೀಮ್ ಅಂದ್ರೆ 160ಕ್ಕೂ ಹೆಚ್ಚು ಜನ, ಒಂದು ಟೀಮಿನ ಎಂಟೂ ಜನಕ್ಕೆ ಒಂದೇ ಬಟ್ಟೆ, 2003ರಿಂದ ಹೆಲ್ಮೆಟ್ ಕಡ್ಡಾಯ, ಮೇಲೆ ಕಪ್ಪು ಕನ್ನಡಕ, ನಂಬರ್ ಇರೋದು ಬೆನ್ನ ಮೇಲೆ, ಹೆಲಿಕಾಪ್ಟರ್ ಮೇಲಿಂದ ತೋರಿಸ್ತಿದೆ. 2017ರಿಂದ ಪ್ರತಿ ಸ್ಟೇಜನ್ನೂ ಶುರುವಿಂದ ಕೊನೆವರೆಗೂ ಲೈವ್ ತೋರಿಸ್ತಾರೆ, ಅಂದ್ರೆ ದಿನಕ್ಕೆ ನಾಲ್ಕೈದು ಗಂಟೆ, ಮೂರು ವಾರ. ಸಪಾಟು ರಸ್ತೆಯ ದಿನ ಮೂರು ಜನ ಮುಂದೆ ಹೋಗಿರ್ತಾರೆ, ಗುಂಪು ಹಿಂದೆ ಸುಮ್ನೆ ಬರ್ತಿರುತ್ತೆ, ಅಷ್ಟು ಹೊತ್ತು ಏನು ಮಾತಾಡ್ತೀರ?

ಕೋಟೆ, ಚರ್ಚು, ದ್ರಾಕ್ಷಿ ತೋಟ, ಚೀಸ್ ಬಗ್ಗೆ ಮಾತಾಡ್ತೀರ. ಅದು ಆ ರೇಸ್‌ನ ಸಂಪ್ರದಾಯ ಕೂಡ, ಫ್ರೆಂಚ್ ಟಿವಿಲಿ ಜಾಂ-ಪಾಲ್ ಒಲಿವಿಯೆ ಅಂತ ಒಬ್ಬರು ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ರು, ರೇಸ್ ಹೋಗೋ ದಾರಿಯ ಊರು, ಇತಿಹಾಸ ಹೇಳೋದು. ಯೂರೋಸ್ಪೋರ್ಟ್‌ನಲ್ಲಿ ಹಿಂದೆ ಡೇವಿಡ್ ಡಫೀಲ್ಡ್ ಇದ್ರು, 2016ರಲ್ಲಿ ತೀರಿಕೊಂಡ್ರು. ರೇಸ್ ನಡೀತಿದ್ರೆ ಇವರು ನಿನ್ನೆ ರಾತ್ರಿ ತಿಂದ ಊಟ, ಕುಡಿದ ವೈನ್ ವಿಷಯ ತೆಗೀತಿದ್ರು. ಅದೇ ಮನುಷ್ಯ ಹರೆಯದಲ್ಲಿ ಮೂರು ಗಾಲಿ ಸೈಕಲ್ ಮೇಲೆ ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ರೆಕಾರ್ಡ್ ಟೈಮಲ್ಲಿ ಹೋಗಿದ್ದೋರು. ನಮ್ಮಜ್ಜಿ ಕರ್ಕೊಂಡು ಹೋಗ್ತಿದ್ದ ಹರಿಕಥೆಲಿ ದಾಸರು ಸುಧಾಮ ಅವಲಕ್ಕಿ ಕಟ್ಕೊಂಡು ಹೊರಟ ಅಂದೋರು ದ್ವಾರಕೆ ತಲುಪೋಕೆ ಒಂದೂವರೆ ಗಂಟೆ ತಗೋತಿದ್ರು, ನಡುವೆ ಹತ್ತು ಉಪಕಥೆ, ಜನ ಬರ್ತಿದ್ದಿದ್ದೇ ಆ ಉಪಕಥೆಗೆ.

2018ರ ಡಿಸೆಂಬರ್ 2ಕ್ಕೆ ಶೆರ್ವೆನ್ ಉಗಾಂಡಾದ ಕಂಪಾಲಾದಲ್ಲಿ ತೀರಿಕೊಂಡ್ರು, 62 ವರ್ಷ. ಸುದ್ದಿ ಓದಿದಾಗ ಆಫೀಸಲ್ಲಿದ್ದೆ, ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಆತನ್ನ ನಾನು ಯಾವತ್ತೂ ಭೇಟಿ ಆಗಿಲ್ಲ. ಆದ್ರೆ ಎಷ್ಟೋ ಜುಲೈಗಳಲ್ಲಿ, ಹೊರಗೆ ಜಿಟಿ ಜಿಟಿ ಮಳೆ, ಒಳಗೆ ರಾತ್ರಿ ಒಂಬತ್ತರ ಊಟದ ತಟ್ಟೆ, ಅಲ್ಲಿ ಯುರೋಪಲ್ಲಿ ಸಂಜೆ ಬಿಸಿಲು, ಆ ದನಿ ನಮ್ಮನೇಲಿ ಇತ್ತು. ಆ ಪ್ರೀತಿ ಬೇಡ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ವಿರೋಧ

ಅಣ್ಣ ಬರೆದಿದ್ದು ಓದಿದೆ. ಲಾ ಪ್ಲಾನ್ ಕ್ಲಿಪ್ ನೋಡಿದ್ರೆ ನನಗೂ ಮೈ ಜುಂ ಅನ್ನುತ್ತೆ, ಅದರಲ್ಲಿ ಜಗಳ ಇಲ್ಲ. ಜಗಳ ಇರೋದು ಹೆಸರಿನ ವಿಷಯದಲ್ಲಿ.

ನಾನು ಬಾಗಲಕೋಟೆ ಕಡೆಯೋಳು, ನಮ್ಮ ಕಡೆ, ವಿಜಯಪುರದ ಕಡೆ ಸೈಕಲ್ ರೇಸ್ ಅಂದ್ರೆ ಬರೀ ಹವ್ಯಾಸ ಅಲ್ಲ. ನಾನೂ ಕೆಲವು ವರ್ಷ ಓಡಿಸಿದೀನಿ. ಒಂದು ರೇಸ್‌ನಲ್ಲಿ ನನ್ನ ಕೆಲಸ ಇದ್ದಿದ್ದು ಒಂದೇ, ಎದುರು ಗಾಳಿಗೆ ಮುಂದೆ ನಿಂತು ನಮ್ಮ ಸೀನಿಯರ್ ಅಕ್ಕನ್ನ ನನ್ನ ಗಾಲಿ ಹಿಂದೆ ಬಚ್ಚಿಟ್ಕೊಂಡು ಕರ್ಕೊಂಡು ಹೋಗೋದು. ಮುಂದಿರೋಳು ಗಾಳಿ ಸೀಳಿದ್ರೆ ಹಿಂದಿರೋಳಿಗೆ ಶ್ರಮ ಎಷ್ಟೋ ಕಮ್ಮಿ ಆಗುತ್ತೆ, ಸೈಕಲ್ ರೇಸ್ ನಿಂತಿರೋದೇ ಈ ಒಂದು ವಿಷಯದ ಮೇಲೆ. ಗಂಟಲಲ್ಲಿ ರಕ್ತದ ರುಚಿ ಬರೋ ತನಕ ಎಳೆದೆ. ರಸ್ತೆ ಪಕ್ಕ ಮೈಕ್ ಹಿಡಿದಿದ್ದೋರು ನಾನು ದಾಟೋವಾಗ ಬೇರೆ ಜಿಲ್ಲೆ ಹುಡುಗಿ ಹೆಸರು ಕೂಗಿದ್ರು. ಅವರಿಗೇನು ಕೆಟ್ಟ ಉದ್ದೇಶ ಇರ್ಲಿಲ್ಲ, ಜನಕ್ಕೆ ಅವರಂದ್ರೆ ಭಾಳ ಇಷ್ಟ, ಮಾತು ಹಂಗೆ ಹರೀತಿತ್ತು. ಅಲ್ಲೇ ಬೇವಿನ ಗಿಡದ ನೆರಳಿಗೆ ನಮ್ಮವ್ವ ಸೆರಗು ತಲೆ ಮೇಲೆ ಹಾಕ್ಕೊಂಡು ನಿಂತಿದ್ಲು, ಹೆಲ್ಮೆಟ್ ಕನ್ನಡಕದಾಗ ಅವಳಿಗೂ ನನ್ನ ಗುರುತು ಹತ್ತಲಿಲ್ಲ, ಕಿವಿಗೆ ಬೀಳೋ ಹೆಸರಿಗೆ ಕಾಯ್ತಾ ಇದ್ಲು. ಸಂಜೆ ಕೇಳಿದ್ಲು, "ನೀ ಇವತ್ತ ರೇಸ್ ಹೊಡೀಲೇ ಇಲ್ಲೇನವ್ವಾ?"

ಅದಕ್ಕೇ ಹೆಸರು ತಪ್ಪು ಹೇಳೋದು ಮುದ್ದು ಅಂತ ನನಗೆ ಅನ್ನೋಕೆ ಆಗಲ್ಲ. ಗೆಲ್ಲೋರ ಹೆಸರು ಹೆಂಗೂ ಎಲ್ಲರಿಗೂ ಗೊತ್ತಾಗುತ್ತೆ, ಕೊನೆ ಮುನ್ನೂರು ಮೀಟರಲ್ಲಿ ಲಿಗೆಟ್ ಆಗ್ಲಿ ಕರ್ಬಿ ಆಗ್ಲಿ ಅದನ್ನ ಚೆನ್ನಾಗೇ ಕೂಗ್ತಾರೆ. ತಪ್ಪೋದು ಯಾವಾಗ್ಲೂ ನೀರಿನ ಬಾಟಲಿ ತರೋಕೆ ಟೀಮ್ ಕಾರಿನ ಹತ್ರ ಹೋಗೋನ ಹೆಸರು, ನಾಯಕನಿಗೆ ತನ್ನ ಗಾಲಿ ಬಿಚ್ಚಿ ಕೊಡೋನ ಹೆಸರು, ನೂರು ಕಿಲೋಮೀಟರ್ ಗುಂಪಿನ ಮುಂದೆ ನಿಂತು ಎಳೆಯೋನ ಹೆಸರು. ಅವನಿಗೆ ಟಿವಿಲಿ ಸಿಗೋದೇ ಅಷ್ಟು, ಅವನ ಅವ್ವನೂ ಎಲ್ಲೋ ಕೂತು ನೋಡ್ತಿರ್ತಾಳೆ. ಆ ಹೊತ್ತಲ್ಲಿ ಕೋಟೆ ಬಗ್ಗೆ ಹೇಳ್ತಾ ಹೇಳ್ತಾ ಹೆಸರು ಅದಲು ಬದಲಾದ್ರೆ ಫ್ಯಾನ್ಸ್ ನಗ್ತಾರೆ, ಅದನ್ನ ಟೀ ಶರ್ಟ್ ಮೇಲೆ ಬರೆಸ್ಕೋತಾರೆ.

ಸಪಾಟು ರಸ್ತೆ ಅಂದ್ರೆ ಏನೂ ಆಗಲ್ಲ ಅನ್ನೋದೂ ತಪ್ಪು. 2013ರ ಟೂರ್, 13ನೇ ಸ್ಟೇಜ್, ಟೂರ್ ಅನ್ನೋ ಊರಿಂದಲೇ ಸೇಂಟ್-ಅಮಾಂ-ಮೋಂಟ್ರೋಂಗೆ. ದೊಡ್ಡ ಬೆಟ್ಟ ಒಂದೂ ಇಲ್ಲ. ಪಕ್ಕದಿಂದ ಗಾಳಿ ಶುರುವಾಯ್ತು, ಗುಂಪು ಚೂರು ಚೂರಾಯ್ತು, ವಾಲ್ವೆರ್ಡೆ ಗಾಲಿ ಕೆಟ್ಟು ಹಿಂದೆ ಉಳಿದು ಹತ್ತು ನಿಮಿಷದ ಹತ್ತಿರ ಕಳ್ಕೊಂಡ, ಎರಡನೇ ಸ್ಥಾನದಲ್ಲಿದ್ದೋನ ಟೂರ್ ಅಲ್ಲಿಗೇ ಮುಗೀತು. ಆಮೇಲೆ ಕೊಂಟಡೋರ್ ಟೀಮ್ ಮುಂದೆ ಬಂದು ಒಮ್ಮೆಲೇ ಜೋರು ಮಾಡಿದ್ರು, ಹಳದಿ ಜೆರ್ಸಿಯ ಫ್ರೂಮ್ ಕೆಲವೇ ಮೀಟರ್‌ಗೆ ಆ ಗುಂಪು ಕೈತಪ್ಪಿ 1 ನಿಮಿಷ 9 ಸೆಕೆಂಡ್ ಕಳ್ಕೊಂಡ. ಇಂಥ ದಿನ ಏನಾಗ್ತಿದೆ ಅಂತ ತಿಳಿಬೇಕಾದ್ರೆ ಮರ ಯಾವ ಕಡೆ ಬಾಗಿದೆ ನೋಡಬೇಕು, ಯಾವ ಟೀಮ್ ಸದ್ದಿಲ್ಲದೆ ಮುಂದೆ ಸೇರ್ಕೋತಿದೆ ನೋಡಬೇಕು, ರಸ್ತೆ ಎಲ್ಲಿ ತಿರುಗುತ್ತೆ ಗೊತ್ತಿರಬೇಕು. ಅಣ್ಣನ ದಾಸರು ಹತ್ತು ಉಪಕಥೆ ಹೇಳಿದ್ರೂ ಸುಧಾಮ ಎಲ್ಲಿದಾನೆ ಅಂತ ಅವರಿಗೆ ಒಂದು ಕ್ಷಣವೂ ಮರೀತಿರ್ಲಿಲ್ಲ, ಮತ್ತೆ ಆ ಸುಧಾಮ ಅವರು ವಾಪಸ್ ಬರೋ ತನಕ ಅಲ್ಲೇ ಕಾಯ್ತಿದ್ದ, ರೇಸ್ ಯಾರಿಗೂ ಕಾಯಲ್ಲ.

ಈಗ ನನಗೆ ಬರೆಯೋಕೆ ಕಷ್ಟ ಆಗೋ ಮಾತು. 1999ರಿಂದ 2005ರವರೆಗೆ ಏಳು ಟೂರ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ದು. ಕ್ಯಾನ್ಸರ್ ಗೆದ್ದು ಬಂದ ವೀರನ ಆ ಕಥೆ ಇಂಗ್ಲಿಷ್ ಗೊತ್ತಿರೋ ಮನೆಮನೆಗೂ ತಲುಪಿದ್ದು ಇದೇ ದನಿಗಳಿಂದ. ಕಥೆ ಅಷ್ಟು ಚೆನ್ನಾಗಿತ್ತು, ಹೇಳೋರು ಅಷ್ಟು ಚೆನ್ನಾಗಿ ಹೇಳಿದ್ರು. ಅದೇ 1999ರಲ್ಲಿ ಕ್ರಿಸ್ಟೋಫ್ ಬಾಸೋಂ ಅನ್ನೋ ಫ್ರೆಂಚ್ ರೈಡರ್ ಡೋಪಿಂಗ್, ಅಂದ್ರೆ ನಿಷೇಧಿತ ಔಷಧಿ ತಗೊಳ್ಳೋದರ ಬಗ್ಗೆ ಪೇಪರ್‌ನಲ್ಲಿ ಬರೀತಿದ್ದ, ಆರ್ಮ್‌ಸ್ಟ್ರಾಂಗ್ ರೇಸ್ ನಡುವೆಯೇ ಅವನ ಪಕ್ಕ ಬಂದು ಬಿಟ್ಟು ಹೋಗು ಅಂದ, ಗುಂಪಲ್ಲಿ ಯಾರೂ ಅವನ ಜೊತೆ ನಿಲ್ಲಲಿಲ್ಲ, ಅವನು ಟೂರ್ ಮುಗಿಸದೆ ಮನೆಗೆ ಹೋದ. 2004ರಲ್ಲಿ ಫಿಲಿಪ್ಪೊ ಸಿಮಿಯೋನಿ ಮುಂದಿನ ಗುಂಪು ಸೇರೋಕೆ ಹೋದಾಗ ಹಳದಿ ಜೆರ್ಸಿಯೋನೇ ಅವನ ಬೆನ್ನು ಹತ್ತಿ ಹೋಗಿ ಅವನನ್ನ ವಾಪಸ್ ಬರೋ ಹಂಗೆ ಮಾಡಿದ, ಯಾಕಂದ್ರೆ ಸಿಮಿಯೋನಿ ಆರ್ಮ್‌ಸ್ಟ್ರಾಂಗ್‌ನ ಡಾಕ್ಟರ್ ಮಿಕೆಲೆ ಫೆರಾರಿ ವಿರುದ್ಧ ಸಾಕ್ಷಿ ಹೇಳಿದ್ದ. ಲಿಗೆಟ್ ಬಹಳ ವರ್ಷ ಆರ್ಮ್‌ಸ್ಟ್ರಾಂಗ್ ಪರ ನಿಂತ್ರು. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಡೋಪಿಂಗ್ ವಿರೋಧಿ ಸಂಸ್ಥೆಯ ವರದಿ ಎಲ್ಲ ಬಿಚ್ಚಿಟ್ಟಾಗ, ಅವನು ಡೋಪ್ ಮಾಡಿಲ್ಲ ಅಂತ ನಂಬೋದು ಕಷ್ಟ ಅಂತ ಒಪ್ಕೊಂಡ್ರು. ಏಳೂ ಗೆಲುವು ಅಳಿಸಿಹೋದ್ವು.

ಲಿಗೆಟ್ ಕೆಟ್ಟ ಮನುಷ್ಯ ಅಂತ ನಾನು ಹೇಳ್ತಾ ಇಲ್ಲ, ಮೋಸ ಹೋದ ಲಕ್ಷಾಂತರ ಜನರಲ್ಲಿ ಆತನೂ ಒಬ್ರು. ಆದ್ರೆ ನಮಗೆ ಆ ದನಿ ಮೇಲೆ ಅಷ್ಟು ಪ್ರೀತಿ ಇದ್ದಿದ್ದಕ್ಕೇ ಅಲ್ವಾ ಆ ವರ್ಷಗಳಲ್ಲಿ ಪ್ರಶ್ನೆ ಕೇಳ್ತಿದ್ದ ಡೇವಿಡ್ ವಾಲ್ಶ್ ಥರದ ಪತ್ರಕರ್ತರು ನಮ್ಮ ಕಿವಿಗೆ ರಸಭಂಗ ಮಾಡೋರ ಥರ ಕೇಳಿಸಿದ್ದು? ಬಾಸೋಂ ಹೆಸರು ನಾನು ಮೊದಲು ಕೇಳಿದ್ದು ಎಲ್ಲ ಮುಗಿದ ಮೇಲೆ. ಅದೇ ರಸ್ತೆಲಿ ಓಡಿಸ್ತಿದ್ದ ಒಬ್ಬನ ಬಗ್ಗೆ ನಮಗೆ ಗೊತ್ತಾಗ್ಲಿಲ್ಲ, ರಸ್ತೆ ಪಕ್ಕದ ಚೀಸ್ ಬಗ್ಗೆ ಗೊತ್ತಾಯ್ತು.

ಮುಂದಿನ ಜುಲೈ ಅಣ್ಣನ ಮನೇಲೇ ಕೂತು ನೋಡೋದು ಅಂತ ಆಗಿದೆ. ಅತ್ತಿಗೆ ಜೋಳದ ರೊಟ್ಟಿ ಮಾಡಬೇಡಿ, ನಾನೇ ತರ್ತೀನಿ. ಜೊತೆಗೆ ಎಲ್ಲಾ ಟೀಮಿನ ಪಟ್ಟಿ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ, ನಂಬರ್ ಸಮೇತ. ಕೊನೇ ಹತ್ತು ಕಿಲೋಮೀಟರ್ ಸೌಂಡ್ ಎಷ್ಟು ಬೇಕಾದ್ರೂ ಇಟ್ಕೊಳ್ಳಿ ಅಣ್ಣ, ಅದಕ್ಕೂ ಮುಂಚೆ ಗುಂಪಿನ ಮುಂದೆ ಗಾಳಿಗೆ ಎದೆ ಕೊಟ್ಟು ಎಳೀತಿರೋನು ಯಾರು ಅಂತ ಪಟ್ಟಿ ನೋಡಿ ನಾವೇ ಹೇಳೋಣ.