ನಾಲ್ಕು ಮನೆಗಳ ಕೀಲಿಕೈ

ಸಿನಿಮಾದಲ್ಲಿ ಬರ ಅಂದ ಕೂಡಲೇ ಬಿರುಕು ಬಿಟ್ಟ ಕೆರೆಯಂಗಳ, ಹಣೆಗೆ ಕೈ ಹಚ್ಚಿ ಮುಗಿಲು ನೋಡುವ ರೈತ. ನಾನು ಹುಟ್ಟಿ ಬೆಳೆದದ್ದು ಯಾದಗಿರಿ ಕಡೆ. ನಮ್ಮ ಓಣಿಗೆ ಬರ ಬರುತ್ತಿದ್ದ ರೀತಿಯೇ ಬೇರೆ. ದೀಪಾವಳಿ ಮುಗಿದ ವಾರಕ್ಕೆ ಒಂದೊಂದೇ ಮನೆಗೆ ಕೀಲಿ ಬೀಳುತ್ತಿತ್ತು. ಕಟ್ಟಡ ಕೆಲಸದ ಮೇಸ್ತ್ರಿಯಿಂದ ಮುಂಗಡ ತಗೊಂಡವರು ಗಂಟುಮೂಟೆ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಹೆಸರು ಬಂದರೆ "ಗುಳೆ ಹೋಗ್ಯಾಳ್ರೀ ಸರ್" ಅಂತ ನಾನೇ ಹೇಳುತ್ತಿದ್ದೆ. ಮುಂಗಾರಿಗೆ ವಾಪಸ್ ಬಂದವಳಿಗೆ ಮಗ್ಗಿ ಮರೆತಿತ್ತು. ಮರುವರ್ಷ ಅವಳು ಶಾಲೆಗೆ ಬರಲೇ ಇಲ್ಲ.

ಹಸಿವಿನ ಬಗ್ಗೆ ಎಷ್ಟೋ ಓದಿದ್ದೇನೆ. ದೇವನೂರ ಮಹಾದೇವ ಅವರ ಕಿರುಕಾದಂಬರಿ 'ಒಡಲಾಳ'ದ ಕಡಲೆಕಾಯಿಯ ರಾತ್ರಿ ಮಾತ್ರ ಮನಸ್ಸು ಬಿಟ್ಟು ಹೋಗುವುದಿಲ್ಲ. ಸಾಕವ್ವನ ಮನೆಯವರೆಲ್ಲ ಕೂತು, ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಅಲ್ಲಿ ಗೋಳಾಟ ಇಲ್ಲ. ಮನೆತುಂಬ ಮಾತು, ನಗು, ಹಬ್ಬದ ಸಂಭ್ರಮ. ಒಂದು ಹೊತ್ತು ಹೊಟ್ಟೆ ತುಂಬಿದ್ದಕ್ಕೇ ಇಷ್ಟು ಖುಷಿಯಾಗಬೇಕಾದರೆ ಉಳಿದ ದಿನಗಳು ಹೇಗಿದ್ದವು ಅಂತ ಯೋಚಿಸಿದಾಗ ಎದೆ ಹಿಂಡುತ್ತದೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಆ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲು ಅವರ ಕಣ್ಣಿಗೆ ಬೀಳುತ್ತದೆ. ಬಡವರ ಮನೆಯಲ್ಲೂ ನವಿಲು ಇರುತ್ತದೆ, ಅಲ್ವಾ? ಬಡತನ ತೋರಿಸಲು ಹೊರಟ ಎಷ್ಟೋ ಕ್ಯಾಮೆರಾಗಳಿಗೆ ಅದು ಕಾಣುವುದೇ ಇಲ್ಲ.

ಅನಂತಮೂರ್ತಿಯವರ ಕಥೆ ಇಟ್ಟುಕೊಂಡು ಎಂ.ಎಸ್. ಸತ್ಯು ಮಾಡಿದ 'ಬರ' (1982) ಸಿನಿಮಾ ಕೂಡ ನನಗೆ ಬಹಳ ಮುಖ್ಯ. ಅನಂತನಾಗ್ ಮಾಡಿದ ಜಿಲ್ಲಾಧಿಕಾರಿ, ತನ್ನ ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಿ ಎಂದು ಕೇಳುತ್ತಾನೆ. ಆ ಒಂದು ಮಾತಿಗೆ ರಾಜಕಾರಣ ಅಡ್ಡ ನಿಲ್ಲುತ್ತದೆ. ಮಳೆ ಬರಲಿಲ್ಲ ಅನ್ನುವುದು ಆಕಾಶದ ವಿಷಯ. ನೀರು, ಕಾಳು, ಕೂಲಿ ಯಾರಿಗೆ ಸಿಗುತ್ತದೆ ಅನ್ನುವುದು ಮನುಷ್ಯರ ವಿಷಯ. ಈಗಲೂ ಹಾಗೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅದಕ್ಕೆ ಮೊದಲು ಮಳೆ ಕೊರತೆಯ ಲೆಕ್ಕ, ಮಣ್ಣಿನ ತೇವದ ಲೆಕ್ಕ, ಹೊಲದ ಸಮೀಕ್ಷೆ ಎಲ್ಲ ಆಗಬೇಕು. ಕೇಂದ್ರದಿಂದ ಬರಬೇಕಾದ ಪರಿಹಾರದ ದುಡ್ಡಿಗಾಗಿ 2024ರಲ್ಲಿ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅಷ್ಟರಲ್ಲಿ ನಮ್ಮ ಕಡೆಯ ಬಸ್ಸುಗಳು ತುಂಬಿ ಹೋಗಿದ್ದವು.

ಆ ಬಸ್ಸು ಹತ್ತಿ ಹೋದವರ ಕಥೆಯನ್ನು ಯಾರಾದರೂ ಸಿನಿಮಾ ಮಾಡಬೇಕು ಅಂತ ನನಗೆ ತುಂಬ ಆಸೆ. ಕಟ್ಟಡದ ಪಕ್ಕದ ತಗಡಿನ ಶೆಡ್, ಅಲ್ಲೇ ಮರಳಿನ ಗುಡ್ಡೆಯಲ್ಲಿ ಆಡುವ ಮಕ್ಕಳು, ಊರಿಗೆ ಮಾಡುವ ಫೋನು. ಇದೂ ಬರದ ಕಥೆಯೇ. ಬಿರುಕು ಬಿಟ್ಟ ನೆಲದ ಶಾಟ್ ಒಂದೂ ಬೇಕಾಗಿಲ್ಲ.

ಹೋದ ಸಲ ಊರಿಗೆ ಹೋದಾಗ ಆ ಗೆಳತಿಯ ಅವ್ವ ಕಟ್ಟೆ ಮೇಲೆ ಒಬ್ಬಳೇ ಕೂತಿದ್ದಳು. ಸೆರಗಿನ ತುದಿಗೆ ದೊಡ್ಡ ಗಂಟು. ಏನಬೇ ಅದು ಅಂದೆ. ಬಿಚ್ಚಿ ತೋರಿಸಿದಳು. ನಾಲ್ಕು ಮನೆಗಳ ಕೀಲಿಕೈ.