ಕೆರೆ ಅಗೆಯೋಕೆ ಮುಂಚೆ ಕಾಲುವೆ ನೋಡಿ

ಬೇಸಿಗೆ ಬಂತು ಅಂದ್ರೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ಹೂಳೆತ್ತೋ ಮಾತು ಶುರುವಾಗುತ್ತೆ. ಜೆಸಿಬಿ, ಟಿಪ್ಪರ್ ಬಂದು ಹದಿನೈದೇ ದಿನಕ್ಕೆ ಕೆರೆ ಮಧ್ಯೆ ಬಾವಿಯಂಥ ಗುಂಡಿ. ಊರವರು ಕೈಯಿಂದ ದುಡ್ಡು ಹಾಕಿ ಮಾಡೋ ಕೆಲಸ ಇದು, ದಂಡವಾಗಬಾರದು.

ಮೊದಲು ನೋಡಬೇಕಾದ್ದು ಕೆರೆಗೆ ನೀರು ತರೋ ಕಾಲುವೆ. ವರ್ಷವಿಡೀ ಹರಿಯೋ ಹೊಳೆಯಿಲ್ಲದ ಸೀಮೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕಾಲುವೆ ಒತ್ತುವರಿಯಾಗಿದ್ರೆ, ಇಲ್ಲಾ ರಸ್ತೆ ಹಾಕುವಾಗ ಅಡ್ಡಕ್ಕೆ ಸಣ್ಣ ಪೈಪ್ ಇಟ್ಟು ಮಣ್ಣು ಮುಚ್ಚಿದ್ರೆ, ಎಷ್ಟು ಅಗೆದರೂ ಕೆರೆ ತುಂಬಲ್ಲ. ಜೋರು ಮಳೆಯಾದ ಮಾರನೇ ಬೆಳಗ್ಗೆ ಸರ್ವೆ ನಕ್ಷೆ ಹಿಡಿದು ಕಾಲುವೆಗುಂಟ ನಡೆಯಿರಿ. ನೀರು ಎಲ್ಲಿ ಅಡ್ಡ ತಿರುಗಿದೆ ಅಂತ ಕಣ್ಣಿಗೇ ಕಾಣುತ್ತೆ.

ಇನ್ನು ಹೂಳು. ತೂಬಿನ (ಕೆರೆ ನೀರು ಹೊರಬಿಡೋ ಬಾಗಿಲಿನ) ತಳಮಟ್ಟಕ್ಕಿಂತ ಕೆಳಗೆ ನಿಂತ ನೀರು ಅಚ್ಚುಕಟ್ಟಿಗೆ, ಅಂದ್ರೆ ಕೆರೆ ಕೆಳಗಿನ ಗದ್ದೆಗಳಿಗೆ, ಹರಿಯಲ್ಲ, ದನಕ್ಕೂ ಮೀನಿಗೂ ಆಗುತ್ತೆ ಅಷ್ಟೆ. ಹಾಗಾಗಿ ಆಳಕ್ಕಿಂತ ಅಗಲಕ್ಕೆ ತೆಗೆಸಿ. ಏರಿ ಬುಡದಲ್ಲಂತೂ ಗುಂಡಿ ತೋಡಿಸಲೇಬೇಡಿ, ಏರಿ ಜಾರುತ್ತೆ. ಜೇಡಿ ಪದರ ಹರಿದು ಮರಳು ಕಂಡರೆ ನಿಂತ ನೀರೂ ಇಂಗಿಹೋಗುತ್ತೆ. (2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಹರಿಯುತ್ತಿರೋ ಕೆರೆಗಳ ಲೆಕ್ಕ ಬೇರೆ. ಅಲ್ಲಿ ಇಂಗಲಿ ಅಂತಲೇ ನೀರು ಬಿಡೋದು.)

ತೆಗೆದ ಹೂಳು ಕೆಮ್ಮಣ್ಣಿನ ಹೊಲಕ್ಕೆ ಚಿನ್ನ. ಆದ್ರೆ ಲೆಕ್ಕ ಹಾಕಿ ಹೊಡೆಯಿರಿ. ಒಂದೆಕರೆಗೆ ಒಂದಂಗುಲ ಹರಡಲು 3,630 ಘನ ಅಡಿ ಮಣ್ಣು ಬೇಕು. ಟ್ರೇಲರ್‌ಗೆ ನೂರು ಘನ ಅಡಿ ಹಿಡಿದರೂ 36 ಲೋಡ್. ಹೆಂಟೆ ಬಿಸಿಲಿಗೆ ಚೆನ್ನಾಗಿ ಒಣಗಿ ಕೈಯಲ್ಲಿ ಪುಡಿಯಾಗೋ ಹಾಗಿರಬೇಕು, ಮುಂಗಾರಿಗೆ ಮುಂಚೆ ಉತ್ತು ಬೆರೆಸಬೇಕು. ದಪ್ಪಗೆ ಸುರಿದು ಹಾಗೇ ಬಿಟ್ಟರೆ ಒಂದು ಮಳೆ ಬಿದ್ದು ಬಿಸಿಲು ಕಾಯುತ್ತಲೇ ಮೇಲೆ ಹೆಪ್ಪುಗಟ್ಟುತ್ತೆ, ರಾಗಿ ಮೊಳಕೆ ಅದನ್ನ ಒಡೆದು ಬರಲಾರದು. ಬೆಳ್ಳಗೆ ಸೌಳು (ಉಪ್ಪು) ಎದ್ದ ಹೂಳನ್ನ ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ತರಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಕೆರೆ ನೋಡ್ಕೊಳ್ಳೋಕೆ ಒಬ್ಬ ಆಳು ಬೇಕು. ಹಿಂದೆ ನೀರುಗಂಟಿ ಇದ್ದ. ತೂಬು ಎತ್ತಿ ಇಳಿಸೋದು, ಸರದಿ ಪ್ರಕಾರ ನೀರು ಬಿಡೋದು, ಏರಿಯಲ್ಲಿ ಏಡಿ, ಇಲಿ ಕೊರೆದ ಬಿಲ ಮುಚ್ಚೋದು, ಜಾಲಿ ಗಿಡ ಎಳೆಯದಾಗಿರುವಾಗಲೇ ಕೀಳೋದು ಎಲ್ಲ ಅವನದೇ. ಬಲಿತ ಮೇಲೆ ಕಡಿದರೆ ಬೇರು ಕೊಳೆತು ಆ ಜಾಡಲ್ಲೇ ನೀರು ನುಗ್ಗುತ್ತೆ. ಕೂಲಿ ಅಂದ್ರೆ ಕಣದಲ್ಲಿ ಅಳೆದು ಕೊಟ್ಟಷ್ಟು ಕಾಳು, ಮಾಡೋರು ಹೆಚ್ಚಾಗಿ ದಲಿತ ಮನೆತನದವರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಆ ಕಟ್ಟು ಹೋಗಲೇಬೇಕಿತ್ತು. ಆದ್ರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಡೋದನ್ನ ಎಷ್ಟೋ ಊರು ಮರೆತವು. ಜೆಸಿಬಿ ಬಾಡಿಗೆಗೆ ಎತ್ತಿದ ದುಡ್ಡಲ್ಲಿ ಒಂದು ಪಾಲು ಇದಕ್ಕೆ ತೆಗೆದಿಡಿ. ಯಾವ ಜಾತಿಯವರಾದ್ರೂ ಸರಿ, ಹೆಂಗಸಾದ್ರೂ ಸರಿ, ತಿಂಗಳ ಸಂಬಳ ಕೊಡಿ.

ಕೆರೆ ತುಂಬಿದ ರಾತ್ರಿ ಏರಿ ಹಿಂಬದಿಗೆ ಟಾರ್ಚ್ ಹಿಡಿದು ನೋಡೋರು ಬೇಕೇ ಬೇಕು. ತಿಳಿನೀರು ಜಿನುಗ್ತಿದ್ರೆ ಗುರುತು ಮಾಡಿ ಕಾಯಬಹುದು. ಕದಡಿದ ನೀರು ಬಂದ್ರೆ ಒಳಗೆ ಮಣ್ಣು ಕೊಚ್ಚುತ್ತಿದೆ ಅಂತ ಅರ್ಥ, ಬೆಳಗಾಗೋವರೆಗೆ ಕಾಯದೆ ತೂಬು ಎತ್ತಿ, ಕೆಳಗಿನ ಮನೆಗಳನ್ನ ಎಬ್ಬಿಸಬೇಕು.